ಸಂಗೀತ ಬಂತು, ಗುಂಡಿನ ಸದ್ದು ಬರಲಿಲ್ಲ: ಒಂದು ಹಳೆಯ ಸೌಂಡ್ ಕಾರ್ಡಿನ ಕಥೆ

2023ರ ಜನವರಿಯಲ್ಲಿ ಸಿಂಗಾಪುರದ ಸಿಮ್ ವಾಂಗ್ ಹೂ ತೀರಿಕೊಂಡರು. ಸುದ್ದಿ ಓದಿ ನಾವು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. "ಸೌಂಡ್ ಬ್ಲಾಸ್ಟರ್ ಮಾಡಿದವರು" ಎಂದ ಕೂಡಲೇ ವಿಜ್ಞಾನದ ಮಾಸ್ಟ್ರು ಮಾತ್ರ ತಲೆ ಎತ್ತಿದರು. ಅವರೂ ನಮ್ಮ ಹಾಗೆಯೇ ತೊಂಬತ್ತರ ದಶಕದಲ್ಲಿ ಪೇಟೆಯ ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಡಾಸ್ ಕಮಾಂಡುಗಳನ್ನು ಬಾಯಿಪಾಠ ಮಾಡಿದವರು. ಪಾಠ ಮುಗಿದ ಮೇಲೆ ಸಿಗುವ ಹತ್ತು ನಿಮಿಷದಲ್ಲಿ ಪ್ರಿನ್ಸ್ ಅಥವಾ ಡೇವ್ ಆಡುವುದೇ ಕಲಿಕೆಯ ನಿಜವಾದ ಆಕರ್ಷಣೆಯಾಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ!

ಆ ಸುದ್ದಿ ನಮಗೆ ದೊಡ್ಡಮ್ಮನ ಮಗ ಅಣ್ಣನ ಕಂಪ್ಯೂಟರನ್ನು ನೆನಪಿಸಿತು. ಕಾಸರಗೋಡಿನ ಎಷ್ಟೋ ಮನೆಗಳ ಹಾಗೆ ಅವರ ಮನೆಗೂ ಹೊಸ ವಸ್ತುಗಳೆಲ್ಲ ಗಲ್ಫಿನಿಂದಲೇ ಬರುತ್ತಿದ್ದವು. 1995ರ ಕೊನೆಯಲ್ಲಿ ರಜೆಗೆ ಬಂದ ಅಣ್ಣ ತಮ್ಮ ಪೆಟ್ಟಿಗೆಯಲ್ಲಿ ಒಂದು ಸೌಂಡ್ ಬ್ಲಾಸ್ಟರ್ ಪ್ರೊ 2 ಕಾರ್ಡು ತಂದಿದ್ದರು. ದುಬೈಯಲ್ಲಿ ಒಂದೇ ರೂಮಿನಲ್ಲಿದ್ದ ಗೆಳೆಯನ ಕೈಯಲ್ಲಿ ದುಡ್ಡು ಕೊಟ್ಟು ತರಿಸಿದ್ದು. ಇಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ 486 ಕಂಪ್ಯೂಟರ್ ಜೋಡಿಸಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಸೇರಿಸಿ, ಆ ಕಾರ್ಡನ್ನೂ ಹಾಕಿಸಿದರು. ಡೂಮ್ ಆಟ ಶುರುಮಾಡಿದಾಗ ಸಂಗೀತ ಭರ್ಜರಿಯಾಗಿ ಬಂತು. ಆದರೆ ಬಂದೂಕು ಹಾರಿಸಿದರೆ ಸದ್ದಿಲ್ಲ, ಬಾಗಿಲು ತೆರೆದರೆ ಸದ್ದಿಲ್ಲ, ರಾಕ್ಷಸ ಎದುರು ಬಂದು ನಿಂತರೂ ಸದ್ದಿಲ್ಲ. ಅಂಗಡಿಯವನು ಎರಡು ದಿನ ನೋಡಿ, "ಕಾರ್ಡು ಅರ್ಧ ಹಾಳಾಗಿದೆ, ನಿಮಗೆ ಸೆಕೆಂಡ್ ಹ್ಯಾಂಡ್ ಮಾಲು ಕೊಟ್ಟಿದ್ದಾರೆ" ಎಂದುಬಿಟ್ಟ. ಅಣ್ಣ ಅದನ್ನೇ ನಂಬಿದರು. ರೂಮಿನ ಗೆಳೆಯ ಹೊಸದರ ದುಡ್ಡು ತೆಗೆದುಕೊಂಡು ಹಳೆಯದನ್ನು ಕೊಟ್ಟಿದ್ದಾನೆ ಎಂಬ ಸಂಶಯ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅದೇ ಬೇಸಿಗೆ ರಜೆಯಲ್ಲಿ ಅಣ್ಣ ಮನೆಯ ಮಾಡು ರಿಪೇರಿಗೆಂದು ಅಟ್ಟ ಖಾಲಿ ಮಾಡಿಸುತ್ತಿದ್ದರು. ಕಂಪ್ಯೂಟರ್ ಗುಜರಿಗೆ ಹೋಗುವುದಕ್ಕೆ ಅಂಗಳದಲ್ಲಿ ಕೂತಿತ್ತು. ನಾವು ಅದನ್ನು ಕೇಳಿ ಪಡೆದು ಶಾಲೆಗೆ ತಂದೆವು. ಆ ಕಾರ್ಡು ನಿಜವಾಗಿ ಹಾಳಾಗಿತ್ತೇ ಎಂದು ನೋಡಬೇಕು ಎಂಬುದಷ್ಟೇ ನಮ್ಮ ಆಸೆ. ಅದನ್ನು ತಿಳಿಯಲು ನಾವು ನಾಲ್ಕು ದಶಕಗಳ ಚರಿತ್ರೆಯನ್ನು ಹಿಂದಕ್ಕೆ ನಡೆಯಬೇಕಾಯಿತು. ಅದನ್ನೇ ಇಲ್ಲಿ ಹೇಳುತ್ತೇವೆ.

ಕಿರ್ರ್ ಎನ್ನುವ ಕಾಲ

ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿದ್ದು 1981ರ ಆಗಸ್ಟ್ 12ರಂದು. ಅದು ಆಫೀಸಿನ ಲೆಕ್ಕಪತ್ರಕ್ಕೆಂದು ಮಾಡಿದ ಯಂತ್ರ. ಸದ್ದಿಗಾಗಿ ಅದರಲ್ಲಿ ಇದ್ದದ್ದು ಒಂದು ಪುಟ್ಟ ಸ್ಪೀಕರ್ ಮಾತ್ರ. ತಪ್ಪು ಕೀಲಿ ಒತ್ತಿದರೆ 'ಬೀಪ್' ಎನ್ನಬೇಕು, ಅಷ್ಟೇ ಅದರ ಕೆಲಸ.

ಆ ಸ್ಪೀಕರನ್ನು ನಡೆಸುತ್ತಿದ್ದದ್ದು ಇಂಟೆಲ್ 8253 ಎಂಬ ಟೈಮರ್ ಚಿಪ್. ಅದಕ್ಕೆ ಸೆಕೆಂಡಿಗೆ ಸುಮಾರು 11,93,182 ಬಾರಿ ಮಿಡಿಯುವ ಗಡಿಯಾರದ ಸಂಕೇತ ಬರುತ್ತಿತ್ತು. ಪ್ರೋಗ್ರಾಂ ಒಂದು ಸಂಖ್ಯೆ ಕೊಟ್ಟರೆ ಟೈಮರ್ ಅದರಿಂದ ಭಾಗಿಸಿ ಆ ವೇಗದಲ್ಲಿ ಸ್ಪೀಕರನ್ನು ಒಳಗೆ ಹೊರಗೆ ತಳ್ಳುತ್ತದೆ. 2712 ಎಂದು ಕೊಟ್ಟರೆ ಸೆಕೆಂಡಿಗೆ 440 ಕಂಪನ, ಅಂದರೆ ವಾದ್ಯಗಳನ್ನು ಶ್ರುತಿ ಮಾಡಲು ಬಳಸುವ ಸ್ವರ. ಎಂಟನೇ ತರಗತಿಯ ಭಾಗಾಕಾರ ಬಂದರೆ ಸಾಕು, ಯಾವ ಸ್ವರ ಬೇಕಾದರೂ ನುಡಿಸಬಹುದು! ಆದರೆ ಒಂದು ಸಲಕ್ಕೆ ಒಂದೇ ಸ್ವರ. ಜೋರು, ಮೆದು ಎಂಬುದಿಲ್ಲ. ಕೊಳಲು, ವೀಣೆ ಎಂಬ ವ್ಯತ್ಯಾಸವೂ ಇಲ್ಲ. ಕಂಪ್ಯೂಟರ್ ಸೆಂಟರಿನಲ್ಲಿ ನಾವು ಕೇಳಿದ ಪ್ರಿನ್ಸ್‌ನ ಕತ್ತಿಯ ಸದ್ದು, ಡೇವ್‌ನ ಹೆಜ್ಜೆಯ ಸದ್ದು ಎಲ್ಲ ಈ ಒಂಟಿ ಸ್ಪೀಕರಿನದೇ.

ಗಮಕದಿಂದ ಹುಟ್ಟಿದ ನಾದ

ಇಲ್ಲಿಂದ ಕಥೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಅಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರರು 1967ರಲ್ಲಿ ಕಂಪ್ಯೂಟರಿನಿಂದ ಸ್ವರಗಳನ್ನು ಹುಟ್ಟಿಸುವ ಪ್ರಯೋಗ ಮಾಡುತ್ತಿದ್ದರು. ಸ್ವರವನ್ನು ಸ್ವಲ್ಪ ಅಲುಗಾಡಿಸಿದರೆ ಅದಕ್ಕೆ ಜೀವ ಬರುತ್ತದೆ ಎಂಬುದು ನಮಗೆಲ್ಲ ಗೊತ್ತು. ನಮ್ಮ ಸಂಗೀತದಲ್ಲಿ ಅದಕ್ಕೆ ಕಂಪಿತ ಗಮಕ ಎನ್ನುತ್ತೇವೆ. ಸೆಕೆಂಡಿಗೆ ಐದಾರು ಬಾರಿ ಅಲುಗಾಡಿಸಿದರೆ ಕಿವಿಗೆ ಅಲುಗಾಟವೇ ಕೇಳುತ್ತದೆ. ಚೌನಿಂಗ್ ಆ ಅಲುಗಾಟದ ವೇಗವನ್ನು ಏರಿಸುತ್ತಾ ಹೋದರು. ಸೆಕೆಂಡಿಗೆ ನೂರಾರು ಬಾರಿ ಆದಾಗ ಕಿವಿಗೆ ಅಲುಗಾಟ ಕೇಳುವುದು ನಿಂತು ಬೇರೆಯೇ ಬಣ್ಣದ ನಾದ ಕೇಳಿಸತೊಡಗಿತು. ಗಂಟೆ, ತುತ್ತೂರಿ, ಮದ್ದಳೆಯಂಥ ನಾದಗಳೆಲ್ಲ ಎರಡೇ ಎರಡು ಅಲೆಗಳಿಂದ ಬಂದವು. ಒಂದು ಅಲೆ ಇನ್ನೊಂದನ್ನು ಅಲುಗಾಡಿಸುವುದು, ಇಷ್ಟೇ ಸೂತ್ರ. ಇದಕ್ಕೆ ಎಫ್‌ಎಂ ಸಿಂಥೆಸಿಸ್ ಎಂದು ಹೆಸರು.

1973ರಲ್ಲಿ ಅವರು ಇದನ್ನು ಲೇಖನವಾಗಿ ಪ್ರಕಟಿಸಿದರು. ಜಪಾನಿನ ಯಮಹಾ ಕಂಪನಿ ಸ್ಟ್ಯಾನ್‌ಫರ್ಡ್‌ನಿಂದ ಇದರ ಹಕ್ಕು ಪಡೆದು, 1983ರಲ್ಲಿ ಡಿಎಕ್ಸ್7 ಎಂಬ ಕೀಬೋರ್ಡ್ ತಂದು ಜಗತ್ತಿನ ಸಿನಿಮಾ ಮತ್ತು ಪಾಪ್ ಸಂಗೀತದ ಧ್ವನಿಯನ್ನೇ ಬದಲಿಸಿತು. ಅದೇ ವಿದ್ಯೆಯನ್ನು ಅಗ್ಗದ ಒಂದು ಚಿಪ್‌ನಲ್ಲಿಯೂ ಇಳಿಸಿತು. ಅದರ ಹೆಸರು ವೈಎಂ3812. ಆಟದವರ ಬಾಯಿಯಲ್ಲಿ ಓಪಿಎಲ್2.

ಪ್ರೊಫೆಸರರ ಕಾರ್ಡು

ಕೆನಡಾದ ಕ್ವಿಬೆಕ್ ನಗರದಲ್ಲಿ ಮಾರ್ಟಿನ್ ಪ್ರೆವೆಲ್ ಎಂಬವರಿದ್ದರು. ಲಾವಲ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪ್ರಾಧ್ಯಾಪಕರಾಗಿದ್ದವರು. ಅವರು ಕಟ್ಟಿದ ಆಡ್‌ಲಿಬ್ ಕಂಪನಿ 1987ರಲ್ಲಿ ಈ ಯಮಹಾ ಚಿಪ್ಪನ್ನು ಒಂದು ಕಾರ್ಡಿನ ಮೇಲೆ ಕೂರಿಸಿ ಐಬಿಎಂ ಪಿಸಿಗೆ ಸಿಗಿಸುವಂತೆ ಮಾಡಿತು. ಒಂಬತ್ತು ಸ್ವರಗಳು ಒಟ್ಟಿಗೆ! ಒಂಟಿ ಪೀಪಿ ಊದುತ್ತಿದ್ದ ಮನೆಗೆ ಒಂಬತ್ತು ಜನರ ಮೇಳ ಬಂದ ಹಾಗಾಯಿತು.

1988ರಲ್ಲಿ ಸಿಯೆರಾ ಕಂಪನಿ 'ಕಿಂಗ್ಸ್ ಕ್ವೆಸ್ಟ್ 4' ಎಂಬ ಆಟವನ್ನು ನಿಜವಾದ ಸಂಗೀತ ಸಂಯೋಜನೆಯೊಂದಿಗೆ ತಂದಿತು. ಅದನ್ನು ಕೇಳಬೇಕಾದರೆ ಆಡ್‌ಲಿಬ್ ಕಾರ್ಡೋ, ಅದಕ್ಕಿಂತ ಬಹಳ ದುಬಾರಿಯಾದ ರೋಲಂಡ್ ಎಂಟಿ-32 ಪೆಟ್ಟಿಗೆಯೋ ಬೇಕಿತ್ತು. ಅಲ್ಲಿಂದ ಆಟ ಮಾಡುವವರೆಲ್ಲ ಆಡ್‌ಲಿಬ್‌ಗೆ ಸಂಗೀತ ಬರೆಯತೊಡಗಿದರು.

ಇಲ್ಲಿ ಒಂದು ಮುಖ್ಯ ವಿಷಯ ಗಮನಿಸಬೇಕು. ಡಾಸ್‌ಗೆ ಸದ್ದಿನ ವಿಷಯ ಏನೇನೂ ಗೊತ್ತಿರಲಿಲ್ಲ. ಫೈಲು ತೆರೆ, ಅಕ್ಷರ ಮುದ್ರಿಸು ಎಂದು ಡಾಸ್‌ಗೆ ಹೇಳಬಹುದಿತ್ತು. 'ಈ ಸ್ವರ ನುಡಿಸು' ಎಂದು ಹೇಳಲು ದಾರಿಯೇ ಇರಲಿಲ್ಲ. ಆದ್ದರಿಂದ ಪ್ರತಿಯೊಂದು ಆಟವೂ ಡಾಸನ್ನು ಬದಿಗೆ ಸರಿಸಿ ಕಾರ್ಡಿನ ಜೊತೆ ನೇರವಾಗಿ ಮಾತಾಡುತ್ತಿತ್ತು. ಆಡ್‌ಲಿಬ್ ಕಾರ್ಡಿನ ವಿಳಾಸ 388 ಎಂಬ ಪೋರ್ಟು. ನೂರಾರು ಆಟಗಳಲ್ಲಿ ಆ ವಿಳಾಸ ಅಚ್ಚಾಗಿ ಹೋಯಿತು. ಒಂದು ಕಂಪನಿಯ ಕಾರ್ಡು ಹೀಗೆ ಎಲ್ಲರ ಭಾಷೆಯಾಯಿತು. ಆದರೆ ಎಲ್ಲರ ಭಾಷೆಯಾದದ್ದನ್ನು ಬೇರೆಯವರೂ ಕಲಿಯಬಹುದಲ್ಲ!

ಸಿಂಗಾಪುರದ ರಿಪೇರಿ ಅಂಗಡಿ

ಕಲಿತವರು ಸಿಮ್ ವಾಂಗ್ ಹೂ. 1981ರಲ್ಲಿ ಅವರೂ ಅವರ ಸಹಪಾಠಿ ಎನ್‌ಜಿ ಕೈ ವಾ ಎಂಬವರೂ ಸೇರಿ ಸಿಂಗಾಪುರದಲ್ಲಿ ಕ್ರಿಯೇಟಿವ್ ಎಂಬ ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಶುರುಮಾಡಿದರು. 1986ರಲ್ಲಿ ಚೀನೀ ಭಾಷೆ ಬಲ್ಲ, ಸದ್ದು ಮಾಡಬಲ್ಲ ಕ್ಯೂಬಿಕ್ ಸಿಟಿ ಎಂಬ ಕಂಪ್ಯೂಟರನ್ನೇ ಮಾಡಿದರು. ಅದು ಮಾರಾಟವಾಗಲಿಲ್ಲ. ತಮ್ಮ ಭಾಷೆಯಲ್ಲಿ ಕಂಪ್ಯೂಟರ್ ಮಾಡಲು ಹೊರಟು ಸೋತವರ ಕೈಯಲ್ಲಿ ಸದ್ದಿನ ವಿದ್ಯೆ ಮಾತ್ರ ಉಳಿಯಿತು. ಗಡಿನಾಡಿನಲ್ಲಿ ಕನ್ನಡ ಕಲಿಸುವ ನಮಗೆ ಈ ಭಾಗ ಓದುವಾಗ ಸ್ವಲ್ಪ ಹೆಚ್ಚೇ ಆಪ್ತವೆನಿಸಿತು.

1987ರಲ್ಲಿ ಅವರು ಬೇರೆ ಒಂದು ಸಂಗೀತದ ಕಾರ್ಡು ತಂದರು, ಮರುವರ್ಷ ಅದನ್ನೇ ಗೇಮ್ ಬ್ಲಾಸ್ಟರ್ ಎಂಬ ಹೆಸರಿನಲ್ಲಿ ಮಾರಿದರು. ಹನ್ನೆರಡು ಸ್ವರ, ಸ್ಟೀರಿಯೋ. ಆದರೆ ನಾದ ಹಳೆಯ ಪೀಪಿಯ ಜಾತಿಯದೇ. ಆಡ್‌ಲಿಬ್ ಎದುರು ನಿಲ್ಲಲಿಲ್ಲ.

ಎರಡು ಸೋಲಿನಿಂದ ಅವರು ಕಲಿತ ಪಾಠ 1989ರಲ್ಲಿ ಬಂದ ಸೌಂಡ್ ಬ್ಲಾಸ್ಟರ್‌ನಲ್ಲಿ ಕಾಣುತ್ತದೆ. ಮೊದಲನೆಯದಾಗಿ, ಅದೇ ಯಮಹಾ ಚಿಪ್ಪನ್ನು ಹಾಕಿ ಆಡ್‌ಲಿಬ್‌ನ ವಿಳಾಸದಲ್ಲೇ ಕೂರಿಸಿದರು. ಹೀಗಾಗಿ ಆಡ್‌ಲಿಬ್‌ಗೆ ಬರೆದ ಆಟಗಳೆಲ್ಲ ಮೊದಲ ದಿನದಿಂದಲೇ ನಡೆದವು. ಎರಡನೆಯದಾಗಿ, ಧ್ವನಿಮುದ್ರಿತ ಸದ್ದನ್ನು ನುಡಿಸುವ, ಮೈಕಿನಿಂದ ಮುದ್ರಿಸಿಕೊಳ್ಳುವ ಭಾಗ ಸೇರಿಸಿದರು. ಮೂರನೆಯದಾಗಿ, ಜಾಯ್‌ಸ್ಟಿಕ್ ಸಿಕ್ಕಿಸುವ ಜಾಗ ಕೊಟ್ಟರು. ಅಲ್ಲಿಯವರೆಗೆ ಜಾಯ್‌ಸ್ಟಿಕ್‌ಗೆಂದು ಬೇರೆಯೇ ಕಾರ್ಡು ಕೊಳ್ಳಬೇಕಿತ್ತು. ಮೂರು ಕೆಲಸಕ್ಕೆ ಒಂದೇ ಕಾರ್ಡು!

ಆಡ್‌ಲಿಬ್‌ನ ಉತ್ತರ ತಡವಾಯಿತು. ಅವರ ಆಡ್‌ಲಿಬ್ ಗೋಲ್ಡ್ 1992ರಲ್ಲಿ ಹೊರಬರುವ ಹೊತ್ತಿಗೆ ಕ್ರಿಯೇಟಿವ್‌ನವರು ಸೌಂಡ್ ಬ್ಲಾಸ್ಟರ್ ಪ್ರೊ ತಂದಾಗಿತ್ತು. ಅದೇ 1992ರಲ್ಲಿ ಪ್ರೊಫೆಸರರ ಕಂಪನಿ ದಿವಾಳಿಯಾಯಿತು, ಸಿಂಗಾಪುರದ ರಿಪೇರಿ ಅಂಗಡಿ ಅಮೆರಿಕದ ನ್ಯಾಸ್ಡ್ಯಾಕ್ ಷೇರುಪೇಟೆಗೆ ಏರಿತು. ಆಡ್‌ಲಿಬ್ ಹೋದರೂ 388 ಎಂಬ ಅದರ ವಿಳಾಸ ಎಲ್ಲ ಕಾರ್ಡುಗಳಲ್ಲೂ ಉಳಿಯಿತು. ನಮ್ಮ ಕಥೆಗೆ ಇದೇ ಮುಖ್ಯ.

ಅಟ್ಟದಿಂದ ಇಳಿದ ಪೆಟ್ಟಿಗೆ

ಈಗ ಶಾಲೆಗೆ ಬರೋಣ. ಪೆಟ್ಟಿಗೆ ತೆರೆದಾಗ ಮದರ್ ಬೋರ್ಡಿನ ಮೂಲೆಯಲ್ಲಿ ಪಚ್ಚೆ ಬಣ್ಣದ ಕಿಲುಬು. ಆ ಕಾಲದ ಬೋರ್ಡುಗಳಲ್ಲಿ ದಿನಾಂಕ, ಸಮಯ ನೆನಪಿಡಲು ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ ಇಡುತ್ತಿದ್ದರು. ವರ್ಷಗಳು ಕಳೆದಾಗ ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಸೋರುವುದು ಕ್ಷಾರ. ವಿಜ್ಞಾನದ ಮಾಸ್ಟ್ರು ಇಬ್ಬರು ಹೈಸ್ಕೂಲು ಮಕ್ಕಳನ್ನು ಕರೆದು, "ಕ್ಷಾರಕ್ಕೆ ಮದ್ದು ಏನು?" ಎಂದು ಕೇಳಿದರು. "ಆಮ್ಲ ಸರ್" ಎಂದು ಉತ್ತರ ಬಂತು. ಬ್ಯಾಟರಿ ಕಿತ್ತು, ನಿಂಬೆರಸದಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಆಮೇಲೆ ಸ್ಪಿರಿಟ್ಟಿನಿಂದ ತೊಳೆದು, ಎರಡು ದಿನ ಒಣಗಲು ಬಿಟ್ಟೆವು. ಅದೃಷ್ಟಕ್ಕೆ ಗೆರೆಗಳು ತುಂಡಾಗಿರಲಿಲ್ಲ.

ಬ್ಯಾಟರಿ ಇಲ್ಲದ್ದರಿಂದ ಯಂತ್ರಕ್ಕೆ ತನ್ನ ಹಾರ್ಡ್ ಡಿಸ್ಕೇ ಮರೆತುಹೋಗಿತ್ತು. ಸೆಟಪ್ ಪರದೆಗೆ ಹೋಗಿ ಡಿಸ್ಕನ್ನು ಮತ್ತೆ ಪರಿಚಯ ಮಾಡಿಸಬೇಕಾಯಿತು. ಶಾಲೆಯ ಮಾನಿಟರನ್ನೇ ಸಿಕ್ಕಿಸಿದೆವು. ಡಿಸ್ಕು ಒಮ್ಮೆ ಕರಕರ ಎಂದು, ಕೊನೆಗೆ ಡಾಸ್ 6.22ರ ಹೆಸರು ಪರದೆಯಲ್ಲಿ ಮೂಡಿತು. ಮಕ್ಕಳಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ, "ಮೌಸ್ ಎಲ್ಲಿ ಸರ್?" ಎಂದು ಕೇಳಿದರು. ನಮಗೆ ಮಾತ್ರ ಎದೆ ಡವಡವ!

ಡೂಮ್ ಅಲ್ಲೇ ಇತ್ತು. 1993ರ ಡಿಸೆಂಬರ್ 10ರಂದು ಬಿಡುಗಡೆಯಾದ ಈ ಆಟದ ಮೊದಲ ಭಾಗವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಿತ್ತು. ಹಾಗಾಗಿಯೇ ಅದು ಫ್ಲಾಪಿಯಿಂದ ಫ್ಲಾಪಿಗೆ ಹಾರುತ್ತಾ ನಮ್ಮ ಊರಿನವರೆಗೂ ಬಂದಿತ್ತು. ಕಾರ್ಡಿನ ಹಿಂಬದಿಯ ಪುಟ್ಟ ಚಕ್ರ ತಿರುಗಿಸಿ ವಾಲ್ಯೂಮ್ ಏರಿಸಿದೆವು. ಸಂಗೀತ ಬಂತು. ಬಂದೂಕು ಹಾರಿಸಿದೆವು. ಸದ್ದಿಲ್ಲ. 1995ರಲ್ಲಿ ಹೇಗಿತ್ತೋ ಹಾಗೆಯೇ.

ಅನ್ನದ ಪಾತ್ರೆ ಮತ್ತು ಎರಡು ಗಂಟೆ

ಸಂಗೀತ ಬರುತ್ತದೆ, ಸದ್ದು ಬರುವುದಿಲ್ಲ ಎಂದರೆ ಏನರ್ಥ? ಕಾರ್ಡಿನ ಚರಿತ್ರೆ ಗೊತ್ತಿದ್ದರೆ ಉತ್ತರ ಅರ್ಧ ಸಿಕ್ಕ ಹಾಗೆ. ಸಂಗೀತ ಬರುವುದು ಯಮಹಾ ಚಿಪ್ಪಿನಿಂದ. ಅದಕ್ಕೆ 388ರ ವಿಳಾಸ ಒಂದೇ ಸಾಕು. 'ಈ ಸ್ವರ ನುಡಿಸು' ಎಂದು ಹೇಳಿದರೆ ಮತ್ತೆ ನಿಲ್ಲಿಸು ಎನ್ನುವ ತನಕ ತಾನೇ ನುಡಿಸುತ್ತಿರುತ್ತದೆ. ಗುಂಡಿನ ಸದ್ದು, ರಾಕ್ಷಸನ ಕೂಗು ಹಾಗಲ್ಲ. ಅವು ಧ್ವನಿಮುದ್ರಿತ ಸದ್ದುಗಳು. ಡೂಮ್‌ನಲ್ಲಿ ಅವನ್ನು ಸೆಕೆಂಡಿಗೆ 11,025 ಬೈಟುಗಳಾಗಿ ಬರೆದಿಟ್ಟಿದ್ದಾರೆ. ಒಂದು ನಿಮಿಷದ ಸದ್ದಿಗೆ 6,61,500 ಬೈಟು, ಅಂದರೆ ಸುಮಾರು 646 ಕೆಬಿ. ಡಾಸ್‌ನ ಮೂಲ ಮೆಮೊರಿಯೇ 640 ಕೆಬಿ! ಆದ್ದರಿಂದ ಸದ್ದನ್ನು ಸಣ್ಣ ಸಣ್ಣ ತುಣುಕುಗಳಾಗಿ ಕಾರ್ಡಿಗೆ ಉಣಿಸುತ್ತಲೇ ಇರಬೇಕು.

ಇದು ಹೇಗೆ ಎಂದು ಮಕ್ಕಳಿಗೆ ಹೇಳಲು ನಾವು ಶಾಲೆಯ ಮಧ್ಯಾಹ್ನದೂಟವನ್ನೇ ಉದಾಹರಣೆ ಮಾಡಿದೆವು. ಅನ್ನ ಬೇಯುವುದು ಅಡುಗೆ ಕೋಣೆಯಲ್ಲಿ, ಅದು ಕಂಪ್ಯೂಟರಿನ ಮೆಮೊರಿ. ಬಡಿಸುವವರು ಊಟದ ಹಾಲಿನಲ್ಲಿ, ಅದು ಸೌಂಡ್ ಕಾರ್ಡು. ಹೆಡ್ ಮಾಸ್ಟ್ರೇ, ಅಂದರೆ ಪ್ರೊಸೆಸರ್, ಒಂದೊಂದು ಸೌಟು ಅನ್ನ ಹೊತ್ತುಕೊಂಡು ಓಡಾಡಿದರೆ ಬೇರೆ ಕೆಲಸ ನಡೆಯುವುದಿಲ್ಲ. ಅದಕ್ಕೊಬ್ಬ ಸಾಗಿಸುವವನನ್ನು ಇಟ್ಟಿದ್ದಾರೆ. ಅವನೇ ಡಿಎಂಎ, ಇಂಟೆಲ್ 8237 ಎಂಬ ಚಿಪ್. ಒಂದು ಪಾತ್ರೆ ತೋರಿಸಿ 'ಇಷ್ಟನ್ನು ಸಾಗಿಸು' ಎಂದರೆ ಅವನು ಮೌನವಾಗಿ ಸಾಗಿಸುತ್ತಾನೆ. ಪಾತ್ರೆ ಖಾಲಿಯಾದಾಗ ಹಾಲಿನಿಂದ ಗಂಟೆ ಬಾರಿಸುತ್ತಾರೆ. ಆ ಗಂಟೆಯೇ ಇಂಟರಪ್ಟ್, ಡಾಸ್ ಕಾಲದವರ ಬಾಯಿಯಲ್ಲಿ ಐಆರ್‌ಕ್ಯೂ. ಗಂಟೆ ಕೇಳಿದ ಹೆಡ್ ಮಾಸ್ಟ್ರು ಕೈಯ ಕೆಲಸ ಬದಿಗಿಟ್ಟು ಬಂದು ಪಾತ್ರೆ ತುಂಬಿಸಿ ಹೋಗುತ್ತಾರೆ.

ಕಂಪ್ಯೂಟರಿನಲ್ಲಿ ಇಂಥ ಗಂಟೆಗಳು ಲೆಕ್ಕದವು. 1981ರ ಪಿಸಿಯಲ್ಲಿ ಎಂಟು ಇದ್ದವು. 1984ರ ಎಟಿ ಮಾದರಿಯಲ್ಲಿ ಇನ್ನೊಂದು ಚಿಪ್ ಸೇರಿಸಿ ಬಳಕೆಗೆ ಹದಿನೈದು ಮಾಡಿದರು. ಅವುಗಳಲ್ಲಿಯೂ ಹೆಚ್ಚಿನವು ಬುಕ್ ಆಗಿರುತ್ತಿದ್ದವು. ಸಮಯಕ್ಕೆ 0, ಕೀಬೋರ್ಡಿಗೆ 1, ಸೀರಿಯಲ್ ಪೋರ್ಟುಗಳಿಗೆ 3 ಮತ್ತು 4, ಫ್ಲಾಪಿಗೆ 6, ಪ್ರಿಂಟರಿಗೆ 7, ಹಾರ್ಡ್ ಡಿಸ್ಕಿಗೆ 14. ಹಳೆಯ ಸೌಂಡ್ ಬ್ಲಾಸ್ಟರ್ ಕಾರ್ಡು ಪ್ರಿಂಟರಿನ 7ನ್ನೇ ಹಂಚಿಕೊಳ್ಳುತ್ತಿತ್ತು. ಡಾಸ್ ಮುದ್ರಣಕ್ಕೆ ಸಾಮಾನ್ಯವಾಗಿ ಆ ಗಂಟೆಯನ್ನು ಕಾಯುವುದಿಲ್ಲವಾದ್ದರಿಂದ ಬಹಳ ಕಡೆ ಇದು ನಡೆದುಹೋಗುತ್ತಿತ್ತು. ಆದರೂ ಜಗಳ ಬರಬಹುದೆಂಬ ಭಯದಿಂದ ತಿಳಿದವರು ಕಾರ್ಡನ್ನು 5ಕ್ಕೆ ಬದಲಿಸುತ್ತಿದ್ದರು. ಮುಂದೆ ಸೌಂಡ್ ಬ್ಲಾಸ್ಟರ್ 16 ಬಂದಾಗ ಕ್ರಿಯೇಟಿವ್‌ನವರೇ 5ನ್ನು ರೂಢಿ ಮಾಡಿದರು.

ಬದಲಿಸುವುದು ಹೇಗೆ? ಪ್ರೊ 2ರಲ್ಲಿ ಕಾರ್ಡಿನ ಮೇಲೆ ಸಾಲಾಗಿ ಪಿನ್ನುಗಳಿವೆ. ಅವುಗಳ ಮೇಲೆ ಜಂಪರ್ ಎಂಬ ಅಕ್ಕಿಕಾಳಿಗಿಂತ ತುಸು ದೊಡ್ಡ ಪ್ಲಾಸ್ಟಿಕ್ ಟೋಪಿ. ಅದನ್ನು ಕಿತ್ತು 2, 5, 7, 10 ಇವುಗಳಲ್ಲಿ ಬೇಕಾದ ಜಾಗಕ್ಕೆ ಹಾಕಬೇಕು. ಕಾರ್ಡಿನ ಮೇಲೆ ಬದಲಿಸಿದ್ದನ್ನು ಆಟಕ್ಕೂ ತಿಳಿಸಬೇಕು, ಯಾಕೆಂದರೆ ಆಟಕ್ಕೆ ಜಂಪರ್ ಕಾಣುವುದಿಲ್ಲವಲ್ಲ! ಅದಕ್ಕೆಂದು ಆಟೋಎಕ್ಸೆಕ್ ಫೈಲಿನಲ್ಲಿ ಒಂದು ಸಾಲು ಬರೆಯುತ್ತಿದ್ದರು. ನಮ್ಮ ಅಣ್ಣನ ಕಂಪ್ಯೂಟರಿನಲ್ಲಿ ಇದ್ದ ಸಾಲು ಹೀಗಿತ್ತು:

ಸೆಟ್ ಬ್ಲಾಸ್ಟರ್=ಎ220 ಐ7 ಡಿ1 ಟಿ4

ಎ ಎಂದರೆ ವಿಳಾಸ, ಐ ಎಂದರೆ ಗಂಟೆಯ ನಂಬರು, ಡಿ ಎಂದರೆ ಸಾಗಿಸುವವನ ನಂಬರು, ಟಿ ಎಂದರೆ ಕಾರ್ಡಿನ ಜಾತಿ. ಟಿ4 ಎಂದರೆ ಪ್ರೊ 2, ಟಿ6 ಎಂದರೆ ಸೌಂಡ್ ಬ್ಲಾಸ್ಟರ್ 16. ಡೂಮ್‌ನ ಸೆಟಪ್‌ನಲ್ಲಿಯೂ 220, 7, 1 ಎಂದೇ ತುಂಬಿಸಿದ್ದರು. ಎರಡೂ ಒಂದಕ್ಕೊಂದು ಸರಿಯಾಗಿಯೇ ಇತ್ತು.

ಹಾಗಾದರೆ ತಪ್ಪೆಲ್ಲಿ? ನಾವು ಮೊದಲು ವಯರನ್ನು ಸಂಶಯಿಸಿದೆವು, ಆಮೇಲೆ ಡಿಎಂಎಯನ್ನು. ಅದರಲ್ಲೇ ಒಂದು ಮಧ್ಯಾಹ್ನ ಹೋಯಿತು. ಕೊನೆಗೆ ಕಾರ್ಡನ್ನೇ ಕಿತ್ತು ಕಿಟಕಿಯ ಬೆಳಕಿಗೆ ಹಿಡಿದೆವು. ದೃಷ್ಟಿ ಚುರುಕಾಗಿದ್ದ ಒಬ್ಬ ಹುಡುಗ ಧೂಳು ಊದಿ, ಸಣ್ಣ ಅಂಕಿ ಓದಿ ಹೇಳಿದ: "ಸರ್, ಟೋಪಿ ಇರುವುದು 5ರಲ್ಲಿ."

ಎಲ್ಲ ಅರ್ಥವಾಯಿತು. ಪ್ರಿಂಟರ್ ಇದೆಯೆಂದು ಅಂಗಡಿಯವನು ಜಂಪರನ್ನು 5ಕ್ಕೆ ಹಾಕಿದ್ದಾನೆ. ಅದು ಜಾಣತನವೇ. ಆದರೆ ಆಟೋಎಕ್ಸೆಕ್ ಸಾಲಿನಲ್ಲೂ ಆಟದಲ್ಲೂ 7 ಹಾಗೆಯೇ ಉಳಿದಿದೆ. ಹಾಲಿನಲ್ಲಿ 5ನೆಯ ಗಂಟೆ ಬಾರಿಸುತ್ತಿದ್ದಾರೆ, ಹೆಡ್ ಮಾಸ್ಟ್ರು 7ನೆಯ ಗಂಟೆಗೆ ಕಿವಿಗೊಟ್ಟು ಕೂತಿದ್ದಾರೆ. ಪಾತ್ರೆ ಮತ್ತೆ ತುಂಬುವುದೇ ಇಲ್ಲ! ಯಮಹಾ ಚಿಪ್ಪಿಗೆ ಗಂಟೆ ಬೇಡವಾದ್ದರಿಂದ ಸಂಗೀತ ಮಾತ್ರ ನಡೆಯುತ್ತಲೇ ಇದೆ. ಕಾರ್ಡಿನಲ್ಲಿ ಯಾವ ಅರ್ಧವೂ ಹಾಳಾಗಿರಲಿಲ್ಲ.

ಕಾರ್ಡನ್ನು ಮತ್ತೆ ಸಿಕ್ಕಿಸಿ, 7 ಇದ್ದಲ್ಲಿ 5 ಎಂದು ತಿದ್ದಿದೆವು. ಆದರೆ ಆಟ ಶುರುಮಾಡಲಿಲ್ಲ. ಮೊದಲು ಅಣ್ಣನಿಗೆ ಫೋನು ಮಾಡಿದೆವು.

ಅಣ್ಣ ಬಂದರು

ಮರುದಿನ ಸಂಜೆ ಅಣ್ಣ ಬಂದರು. ಮಂಡಿನೋವು, ಮೆಟ್ಟಿಲು ಹತ್ತಲು ಸ್ವಲ್ಪ ಕಷ್ಟ. ಪೆಟ್ಟಿಗೆ ನೋಡಿ, "ಎಂತ ಮಾರಾಯ, ಇದಕ್ಕೆ ಇನ್ನೂ ಜೀವ ಉಂಟಾ?" ಎಂದರು. ಕುರ್ಚಿ ಕೊಟ್ಟು ಕೂರಿಸಿ ಕೀಬೋರ್ಡು ಅವರ ಮುಂದೆಯೇ ಇಟ್ಟೆವು. ಸಂಗೀತ ಬಂತು, ಅವರ ಮುಖದಲ್ಲಿ ವಿಶೇಷ ಏನಿಲ್ಲ, ಅದು ಅವರಿಗೆ ಗೊತ್ತಿದ್ದದ್ದೇ. ಕಂಟ್ರೋಲ್ ಕೀಲಿ ಒತ್ತಿದರು. ಢಂ! ಕೋಣೆಯಲ್ಲಿದ್ದ ಮಕ್ಕಳು ಬೆಚ್ಚಿಬಿದ್ದು ನಕ್ಕರು. ಅಣ್ಣ ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ. ಒಂದು ಬಾಗಿಲು ತೆರೆದು ಅದರ ಸದ್ದು ಕೇಳಿದರು.

ನಾವು ಜಂಪರಿನ ಕಥೆ ಹೇಳಿದೆವು. ಅವರು ಪೂರ್ತಿ ಕೇಳಿ ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅಂದ್ರೆ ಕಾರ್ಡು ಸರಿ ಇತ್ತು ಅಂತ ಆಯ್ತಲ್ಲ?"

"ಹೌದಣ್ಣ, ಮೊದಲಿನಿಂದಲೂ ಸರಿ ಇತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವನ ಹತ್ರ ಆಮೇಲೆ ನಾನು ಸರಿಯಾಗಿ ಮಾತಾಡ್ಲೇ ಇಲ್ಲ ಮಾರಾಯ. ಕೇಳ್ಲೂ ಇಲ್ಲ, ಬಿಡ್ಲೂ ಇಲ್ಲ. ರೂಮು ಬದಲಿಸಿದೆ."

ಆ ದಿನ ಅವರು ಮತ್ತೆ ಆಡಲಿಲ್ಲ.

ಕಾರ್ಡು ಮುಗಿದ ಕಥೆ

ಈ ಜಂಪರುಗಳ ಕಾಲ ಹೆಚ್ಚು ದಿನ ಉಳಿಯಲಿಲ್ಲ. 1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂತು. ಕಾರ್ಡನ್ನು ಸಿಕ್ಕಿಸಿದರೆ ಅದರ ಗಂಟೆ, ವಿಳಾಸಗಳನ್ನು ವಿಂಡೋಸೇ ಹಂಚುವ ಪ್ಲಗ್ ಅಂಡ್ ಪ್ಲೇ ವ್ಯವಸ್ಥೆ ಶುರುವಾಯಿತು. ಆಟಗಳು ಕಾರ್ಡಿನ ಜೊತೆ ನೇರ ಮಾತಾಡುವುದನ್ನು ಬಿಟ್ಟು ಡೈರೆಕ್ಟ್‌ಎಕ್ಸ್ ಮೂಲಕ ವಿಂಡೋಸಿಗೆ ಹೇಳತೊಡಗಿದವು. ಎಲ್ಲರೂ ಒಬ್ಬರ ಕಾರ್ಡನ್ನು ಅನುಕರಿಸಬೇಕಾದ ಅಗತ್ಯವೇ ಹೋಯಿತು. 1997ರಲ್ಲಿ ಇಂಟೆಲ್ ತಂದ ಎಸಿ 97 ಎಂಬ ಪದ್ಧತಿಯಿಂದ ಸದ್ದಿನ ಭಾಗ ಮದರ್ ಬೋರ್ಡಿನಲ್ಲೇ ಸೇರಿಹೋಯಿತು. ಜನಸಾಮಾನ್ಯರಿಗೆ ಸೌಂಡ್ ಕಾರ್ಡು ಎಂಬ ವಸ್ತುವೇ ಬೇಡವಾಯಿತು. ಹೊಸ ಕಂಪ್ಯೂಟರುಗಳಲ್ಲಿ ಹಳೆಯ ಡಾಸ್ ಆಟಗಳು ಮೂಕವಾದವು.

ಅವಕ್ಕೆ ಮತ್ತೆ ಬಾಯಿ ಕೊಟ್ಟದ್ದು 2002ರಲ್ಲಿ ಮೊದಲು ಬಿಡುಗಡೆಯಾದ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ. ಅದು ಇಡೀ ಹಳೆಯ ಕಂಪ್ಯೂಟರನ್ನು ಲೆಕ್ಕದಲ್ಲಿಯೇ ಕಟ್ಟಿ ನಿಲ್ಲಿಸುತ್ತದೆ. ಅದರೊಳಗೊಂದು ಸೌಂಡ್ ಬ್ಲಾಸ್ಟರ್ 16 ಕೂಡ ಇದೆ. ವಿಳಾಸ 220, ಗಂಟೆ 7, ಡಿಎಂಎ 1. ನಮ್ಮ ಅಣ್ಣನ ಆಟದ ಸೆಟಪ್‌ನಲ್ಲಿದ್ದ ಅದೇ ಮೂರು ಅಂಕಿಗಳು! ನಿಮ್ಮಲ್ಲಿ ಯಾರಾದರೂ ಡಾಸ್‌ಬಾಕ್ಸಿನಲ್ಲಿ ಆಡುವಾಗ ಸಂಗೀತ ಬಂದು ಸದ್ದು ಬಾರದಿದ್ದರೆ ಆಟದ ಸೆಟಪ್‌ಗೆ ಹೋಗಿ 5 ಇದ್ದಲ್ಲಿ 7 ಹಾಕಿ ನೋಡಿ. ನಿಜವಾದ ಕಾರ್ಡೇ ಇದ್ದವರು ಮೊದಲು ಕಾರ್ಡು ಕಿತ್ತು ಜಂಪರ್ ಓದಿ, ಆಮೇಲೆ ಫೈಲು ತಿದ್ದಿ. ಇದರ ಕ್ರಮ ತಪ್ಪಿದ್ದರಿಂದಲೇ ನಮ್ಮ ಒಂದು ಮಧ್ಯಾಹ್ನ ಹಾಳಾದದ್ದು.

ಸಂಗೀತವೂ ಬಾರದಿದ್ದರೆ? ಕೆಲವು ಹಳೆಯ ಆಟಗಳಿಗೆ ಕಂಪ್ಯೂಟರ್ ಅತಿ ವೇಗವಾದರೂ ತೊಂದರೆಯೇ. ಯಮಹಾ ಚಿಪ್ಪಿಗೆ ಒಂದು ಮಾತು ಹೇಳಿದ ಮೇಲೆ ಸೆಕೆಂಡಿನ ಹತ್ತು ಲಕ್ಷದಲ್ಲಿ 23 ಭಾಗದಷ್ಟು ಹೊತ್ತು ಕಾಯಬೇಕು. ಆ ಕಾಲದ ಕೆಲವು ಆಟಗಳು ಸುಮ್ಮನೆ ಅಂಕೆ ಎಣಿಸಿ ಕಾಯುತ್ತಿದ್ದವು. ಪ್ರೊಸೆಸರ್ ವೇಗವಾದಂತೆ ಎಣಿಕೆ ಬೇಗ ಮುಗಿಯುತ್ತದೆ, ಚಿಪ್ ಇನ್ನೂ ತಯಾರಾಗಿರುವುದಿಲ್ಲ, ಆಟ 'ಕಾರ್ಡೇ ಇಲ್ಲ' ಎಂದುಬಿಡುತ್ತದೆ. ಡಾಸ್‌ಬಾಕ್ಸಿನಲ್ಲಿ ವೇಗ ಕಡಿಮೆ ಮಾಡಿದರೆ ಸರಿಯಾಗುತ್ತದೆ.

ಈಗ ಆ ಪೆಟ್ಟಿಗೆ ನಮ್ಮ ಶಾಲೆಯ ವಿಜ್ಞಾನ ಕೋಣೆಯಲ್ಲಿದೆ. ಮುಚ್ಚಳ ತೆರೆದೇ ಇಟ್ಟಿದ್ದೇವೆ. ಇಂಟರಪ್ಟ್ ಎಂದರೇನು ಎಂದು ಕೇಳುವ ಮಕ್ಕಳಿಗೆ ಜಂಪರನ್ನು 7ಕ್ಕೆ ಹಾಕಿ, ಸದ್ದು ನಿಂತುಹೋಗುವುದನ್ನು ತೋರಿಸುತ್ತೇವೆ. ಮತ್ತೆ 5ಕ್ಕೆ ಹಾಕಿದರೆ ಸದ್ದು ಬರುತ್ತದೆ. ಇದನ್ನು ಕನ್ನಡದಲ್ಲಿ ಹೇಳಲು ಆಗುವುದಿಲ್ಲ ಎನ್ನುವವರು ಒಮ್ಮೆ ಬಂದು ಆ ಮಕ್ಕಳ ಬಾಯಿಯಿಂದಲೇ ಕೇಳಬೇಕು.

ಅಣ್ಣನ ವಿಷಯ ಹೇಳಿ ಮುಗಿಸುತ್ತೇವೆ. ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ಯಾರ ಯಾರ ಮೂಲಕವೋ ಆ ಗೆಳೆಯನ ನಂಬರು ಹುಡುಕಿಸಿದರು. ಆತನೂ ಗಲ್ಫ್ ಬಿಟ್ಟು ಬಂದು ಪಯ್ಯನ್ನೂರಿನ ಕಡೆ ಇದ್ದಾರೆ. ಅಣ್ಣ ನಮ್ಮ ಎದುರೇ ಫೋನು ಮಾಡಿ ಮಲಯಾಳದಲ್ಲಿ ಬಹಳ ಹೊತ್ತು ಮಾತಾಡಿದರು. ಶುಗರಿನ ವಿಷಯ ಬಂತು, ಮಂಡಿಯ ವಿಷಯ ಬಂತು, ಮಕ್ಕಳ ಮದುವೆಯ ವಿಷಯ ಬಂತು. ನಡುವೆ ಫೋನು ಹಿಡಿದುಕೊಂಡೇ ಅಂಗಳಕ್ಕೆ ಇಳಿದು ಹೋದರು. ಕಾರ್ಡಿನ ಮಾತು ಆಡಿದರೋ ಇಲ್ಲವೋ, ನಾವು ಕೇಳಲು ಹೋಗಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇರಬಹುದು. ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ತೆರೆದು ನೋಡಿ.